ಹೆಪ್ಪು ಹಾಕಿದವರು ಯಾರು

ಮೊಸರಿನ ಪೊಟ್ಟಣ ಮನೆಗೆ ಬಂದಾಗಲೆಲ್ಲ ನಾನು ಕನ್ನಡಕ ಹಾಕಿಕೊಂಡು ಅದರ ಬೆನ್ನು ಓದುತ್ತೇನೆ. ಇಂಥ ತಾರೀಖಿನೊಳಗೆ ತಿನ್ನತಕ್ಕದ್ದು ಎಂದು ಬರೆದಿರುತ್ತದೆ. ಯಾವ ಊರಿನದು, ಯಾರ ಮನೆಯ ಹೆಪ್ಪು, ಆ ಮನೆಯವರು ಎಂಥವರು ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಸಾಯುವ ದಿನ ಗೊತ್ತು, ಹುಟ್ಟು ಗೊತ್ತಿಲ್ಲ ಎನ್ನುವ ಯಾವುದನ್ನೂ ನಂಬಬಾರದೆಂದು ನನ್ನನ್ನು ಬೆಳೆಸಿದ್ದಾರೆ. ಆದ್ದರಿಂದ ಮೊದಲು ಮೂಸುತ್ತೇನೆ, ಆಮೇಲೆ ನಾಲಗೆಯ ತುದಿಗೆ ಇಟ್ಟುಕೊಳ್ಳುತ್ತೇನೆ, ಆಮೇಲೆ ಮನೆಯಲ್ಲಿ ಬೇರೆ ಯಾರಾದರೂ ಉಂಡು ಒಂದು ಹೊತ್ತು ಬದುಕಿದ್ದನ್ನು ನೋಡಿ ಬಡಿಸಿಕೊಳ್ಳುತ್ತೇನೆ. ಎಲ್ಲರೂ ನಗುತ್ತಾರೆ. ನಗಲಿ. ಎಂಬತ್ತು ದಾಟಿದವಳಿಗೆ ಸಂಶಯ ಬಿಟ್ಟರೆ ಬೇರೆ ಆಸ್ತಿ ಏನು ಉಳಿದಿರುತ್ತದೆ, ಹೇಳಿ?

ಈ ಆಸ್ತಿ ನನಗೆ ಬಂದದ್ದು ಆಯಿಯಿಂದ, ಅಂದರೆ ನಮ್ಮಪ್ಪನ ತಾಯಿಯಿಂದ. ನಾರಾಯಣಖೇಡದಿಂದ ಮನೂರಿಗೆ ಹೋಗುವ ಬಂಡಿದಾರಿಯ ಮೇಲೆ ನಮ್ಮ ಊರು. ಆಗ ನಿಜಾಮರ ರಾಜ್ಯ. ಕಚೇರಿಗೆ ಉರ್ದು, ಸಂತೆಗೆ ತೆಲುಗು, ಅಡುಗೆಮನೆಗೆ ಕನ್ನಡ. ಆಯಿ ಈ ಮೂರರಲ್ಲೂ ಸಂಶಯಪಡಬಲ್ಲವಳಾಗಿದ್ದಳು. ಕೈ ನೋಡಿ ಭವಿಷ್ಯ ಹೇಳುವವನು ಬಂದರೆ, "ಇಷ್ಟೆಲ್ಲ ಗೊತ್ತಿದ್ರ ನೀ ಯಾಕ ಬಿಸಿಲಾಗ ತಿರಗತಿ?" ಎಂದು ಕೇಳಿ ಕಳಿಸುತ್ತಿದ್ದಳು. ಎಣ್ಣೆಯವನು ಅಳೆದು ಹಾಕಿದ ಎಣ್ಣೆಯನ್ನು ಬೆರಳಿಗೆ ಹಚ್ಚಿ, ಬೆಳಕಿಗೆ ಹಿಡಿದು, ಮೂಸಿ, ಕೊನೆಗೆ ಅವನ ಮುಖವನ್ನೇ ಅಳೆಯುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಸುಮ್ಮನೆ ಕುಳಿತಿದ್ದರೂ, "ಏನ್ ಮಾಡಿ ಬಂದೀ?" ಅನ್ನುತ್ತಿದ್ದಳು. ಏನೂ ಮಾಡದಿದ್ದಾಗಲೂ ನನ್ನ ಮುಖ ಕೆಂಪಾಗುತ್ತಿತ್ತು. ಈಗಲೂ ರೈಲಿನಲ್ಲಿ ಟಿಕೇಟು ಕೇಳುವವರು ಬಂದರೆ, ಕೈಯಲ್ಲಿ ಟಿಕೇಟು ಇದ್ದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಅವಳ ಸಂಶಯಕ್ಕೆಲ್ಲ ನಡುಗಂಬ ಒಂದೇ, ಮೊಸರಿನ ಹೆಪ್ಪು. ಆ ಹೆಪ್ಪು ಅವಳ ತವರು ಝರಾಸಂಗಮದ್ದು. ಮದುವೆಯಾಗಿ ಬರುವಾಗ ಅವಳ ತಾಯಿ ಒಂದು ಪುಟ್ಟ ಗಡಿಗೆಯಲ್ಲಿ ಮೊಸರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಂಡಿಯಲ್ಲಿ ಮಗಳ ತೊಡೆಯ ಮೇಲೆ ಇಟ್ಟು ಕಳಿಸಿದ್ದಳಂತೆ. ಅಂದಿನಿಂದ ನಿನ್ನೆಯ ಮೊಸರಿನಿಂದ ಇಂದಿನದು, ಇಂದಿನದರಿಂದ ನಾಳೆಯದು, ಒಂದು ದಿನವೂ ತಪ್ಪದೆ ನಡೆದುಕೊಂಡು ಬಂದಿತ್ತು. ನಡುವೆ ಒಂದು ವರ್ಷದ ಕೆಟ್ಟ ಜ್ವರದಲ್ಲಿ ಅವಳ ತವರುಮನೆ ಬಾಗಿಲು ಹಾಕಿತು. ತಾಯಿ, ತಂದೆ, ಇಬ್ಬರು ಅಣ್ಣಂದಿರು, ಅತ್ತಿಗೆಯರು, ಒಬ್ಬರೂ ಉಳಿಯಲಿಲ್ಲ. ಮಣ್ಣಿನ ಗೋಡೆ ಮಳೆಗೆ ಕರಗಿ, ಜಾಗ ದಾಯಾದಿಗಳ ಹಿತ್ತಲಾಯಿತು. ಆಯಿ ಆ ಕಡೆ ಮತ್ತೆ ಹೋಗಲೇ ಇಲ್ಲ. ಸಂಜೆ ಹಾಲಿಗೆ ಹೆಪ್ಪು ಹಾಕುವಾಗ ಒಮ್ಮೊಮ್ಮೆ ನನಗೆ ಹೇಳುತ್ತಿದ್ದಳು: "ನನ್ನ ತವರ ಮನ್ಯಾಗ ಈಗ ಜೀವ ಇದ್ದದ್ದು ಇದೊಂದ ನೋಡವ್ವ."

ಹೀಗಾಗಿ ಆ ಗಡಿಗೆಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ನೆಲುವಿನಲ್ಲಿ ಎತ್ತರಕ್ಕೆ ತೂಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬುದು ಊರಿನ ಎಲ್ಲ ಮನೆಗಳ ನಿಯಮ. ಆಯಿ ಹಗಲಲ್ಲೂ ಕೊಡುತ್ತಿರಲಿಲ್ಲ. ಒಯ್ದವರು ಸುಮ್ಮನಿರುತ್ತಾರೆಯೇ? ತಮ್ಮದು ಕೆಟ್ಟಾಗ ಬೇರೆ ಮನೆಯದನ್ನು ಬೆರೆಸುತ್ತಾರೆ, ಆಮೇಲೆ ಬಟ್ಟಲು ಹಿಂತಿರುಗಿಸುವಾಗ ಆ ಬೆರಕೆಯನ್ನೇ ತಂದುಕೊಡುತ್ತಾರೆ ಎಂಬುದು ಅವಳ ವಾದ. ಎಂಜಲಗೈಯಲ್ಲಿ ಕಾಗೆ ಓಡಿಸದವಳು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಸಂಶಯ ಗೋಡೆಯಾಚೆಯ ಲಚ್ಚಮ್ಮನ ಮೇಲೆ. ಅವರದು ಈಚಲ ಮರದಿಂದ ಸಿಂದಿ ಇಳಿಸುವ ಮನೆತನ. ಲಚ್ಚಮ್ಮ ದೊಡ್ಡ ನಗೆಯ, ದೊಡ್ಡ ಕುಂಕುಮದ ಹೆಂಗಸು. ಅವಳ ಮಗ ಮಲ್ಲ ನನ್ನ ವಾರಿಗೆಯವನು. ಬೆಳಿಗ್ಗೆ ಅವರ ಅಂಗಳದಲ್ಲಿ ಗಡಿಗೆಗಳು ಸಾಲಾಗಿ ನೊರೆ ಉಕ್ಕಿಸಿಕೊಂಡು ಕೂತಿರುತ್ತಿದ್ದವು. ಆ ಹುಳಿವಾಸನೆ ಗೋಡೆ ಹಾರಿ ಬಂದು ತನ್ನ ಮೊಸರಿನೊಳಗೆ ಇಳಿದೀತೆಂದು ಆಯಿ ಆ ಕಡೆಯ ಕಿಟಕಿಗೆ ಗೋಣಿಚೀಲ ಹೊಡೆಸಿದ್ದಳು. ಒಮ್ಮೆ ಲಚ್ಚಮ್ಮ ಗೋಡೆಯ ಮೇಲಿಂದ ಬಟ್ಟಲು ಚಾಚಿ, "ಅಮ್ಮಾ, ಇಂತ ತೋಡು ಉಂಟೆ ಇಯ್ಯಮ್ಮಾ" ಎಂದು ಹೆಪ್ಪು ಕೇಳಿದ್ದಕ್ಕೆ ಆಯಿ ಕೊಟ್ಟ ಉತ್ತರ ಮೂರೂ ಭಾಷೆಯಲ್ಲಿತ್ತಂತೆ. ಇಲ್ಲಿ ಬರೆಯುವಂಥದಲ್ಲ.

ಈಗ ಈರಣ್ಣ ಕಾಕಾನನ್ನು ಕರೆತರಬೇಕು. ಆಯಿಯ ಕಿರಿಮಗ. ಹೈದರಾಬಾದಿನಲ್ಲಿ ಓದುತ್ತಿದ್ದ. ರಜೆಗೆ ಜಹೀರಾಬಾದಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಂಡಿಯಲ್ಲಿ ಕುಲುಕುತ್ತ ಬರುತ್ತಿದ್ದ. ಅವನು ವಿಜ್ಞಾನ ಕಲಿತದ್ದು ಉರ್ದುವಿನಲ್ಲಿ. ಅದನ್ನು ಕನ್ನಡಕ್ಕೆ ಇಳಿಸಿ ಆಯಿಗೆ ಬಡಿಸುವುದು ಅವನಿಗೊಂದು ಚಟ. ಆ ವರ್ಷ ದಸರೆಗೆ ಬಂದವನು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಸೃಷ್ಟಿಯ ಕಥೆ ಎತ್ತಿದ.

"ಅವ್ವಾ, ಮೊದಲ ಈ ಭೂಮಿ ಅನ್ನೋದು ಕೆಂಡ ಆಗಿತ್ತು. ಗಿಡ ಇಲ್ಲ, ಹುಳ ಇಲ್ಲ, ಏನಂದ್ರ ಏನೂ ಇಲ್ಲ. ಆಮ್ಯಾಲ ಸಾವಕಾಶ ಆರ್ತು. ಮಳಿ ಬಿತ್ತು. ಬಿಸಿನೀರಿನ ಹೊಂಡ ಆದ್ವು. ಆ ನೀರಾಗ ಅದೂ ಇದೂ ಕೂಡಿ, ಕೂಡಿ, ಒಂದ್ ಸಣ್ಣ ಜೀವ ತಾನ ಹುಟ್ತು. ಅದರಿಂದ ನಾವೆಲ್ಲ."

ಆಯಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ತಾನ?"

"ಹೌದು, ತಾನ."

"ಅದಕ್ಕ ಹೆಪ್ಪು ಯಾರು ಹಾಕಿದ್ರು?"

"ಯಾರೂ ಹಾಕಿಲ್ಲವ್ವ. ಅದನ್ನ ಹೇಳಾಕತ್ತೀನಿ."

"ಯಾರೋ ಹಾಕ್ಯಾರ. ನಿಮ್ಮ ಮಾಸ್ತರಗ ಹೇಳಿಲ್ಲ, ಅಷ್ಟ."

ಕಾಕಾ ಬಿಡಲಿಲ್ಲ. ಗೋಡೆಯಾಚೆ ಬೆರಳು ತೋರಿಸಿದ. "ಸಿಂದಿಗಿ ಯಾರು ಹೆಪ್ಪು ಹಾಕ್ತಾರ? ತಾನ ನೊರಿ ಬರ್ತದಿಲ್ಲ?"

"ಅವರು ಗಡಿಗಿ ನೆಟ್ಟಗ ತೊಳಿಯಂಗಿಲ್ಲ. ನಿನ್ನಿದು ಅದರಾಗ ಕುಂತಿರ್ತದ," ಎಂದಳು ಆಯಿ. "ನೀ ತೊಳದು ಒಣಗ್ಸಿ ನೋಡು, ಆಮ್ಯಾಲ ಮಾತಾಡು."

ಕಾಕಾ ನಕ್ಕು ಸೋತ. ಸೋತೆನೆಂದು ಒಪ್ಪಲಿಲ್ಲ. ನಾನಂತೂ ಆ ದಿನದಿಂದ ಯಾವ ಕೊಚ್ಚೆ ಹೊಂಡ ಕಂಡರೂ ಬಗ್ಗಿ ನೋಡತೊಡಗಿದೆ, ತಾನೇ ಹುಟ್ಟುವಂಥದ್ದು ಏನಾದರೂ ಹುಟ್ಟುತ್ತಿದೆಯೇ ಎಂದು. ಸಮುದ್ರದ ತಳದ ಕುದಿನೀರಿನಲ್ಲೂ ಜೀವಿಗಳಿವೆ, ವರ್ಷಗಟ್ಟಲೆ ಒಣಗಿ ಬಿದ್ದು ನೀರು ತಾಗಿದೊಡನೆ ಎದ್ದು ನಡೆಯುವ ಸಣ್ಣ ಹುಳಗಳಿವೆ ಎಂದು ಈಗ ಪೇಪರಿನಲ್ಲಿ ಓದುತ್ತೇನೆ. ಓದಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಜೋರಾಗಿಯೇ ಕೇಳುತ್ತೇನೆ: ಸರಿ, ಅದಕ್ಕೆ ಹೆಪ್ಪು ಹಾಕಿದವರು ಯಾರು?

ಆ ಚಳಿಗಾಲದಲ್ಲಿ ಊರಲ್ಲಿ ಇಲಿ ಬಿದ್ದವು. ಆಗಿನವರಿಗೆ ಈ ಎರಡು ಮಾತು ಸಾಕಿತ್ತು. ಪ್ಲೇಗು ಎಂದು ತಿಳಿದು ಪಟೇಲರು ಡಂಗುರ ಹೊಡೆಸಿದರು. ಮೂಟೆ, ದನ, ಮುದುಕರು, ಮಕ್ಕಳು ಎಲ್ಲರೂ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಒಂದು ಗುಡಿಸಲಿಗೂ ಇನ್ನೊಂದಕ್ಕೂ ಕೂಗಿದರೆ ಕೇಳುವಷ್ಟು ದೂರ. ಆಯಿಯ ಸಂಶಯ ಆಗ ಊರಿಗೇ ಅಂಟಿತು. ಯಾರು ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಿದ್ದರು. ನಾನು ತೋಳು ತುರಿಸಿಕೊಂಡರೆ ನನ್ನ ಅವ್ವ ಓಡಿಬಂದು ಕಂಕುಳು ಮುಟ್ಟಿ ನೋಡುತ್ತಿದ್ದಳು. ಸೂಜಿ ಚುಚ್ಚುವ ಸರಕಾರಿ ಮನುಷ್ಯ ಬಂದಾಗ ಆಯಿ, "ಮೊದಲ ನಿನಗ ಚುಚ್ಚಿದ್ದು ತೋರ್ಸು" ಎಂದಳು. ಅವನು ಪಾಪ ಅಂಗಿ ಕಳಚಿ ಕಲೆ ತೋರಿಸಬೇಕಾಯಿತು. ಯಾರೂ ಯಾರಿಗೂ ಬೆಂಕಿ ಕೊಡುತ್ತಿರಲಿಲ್ಲ, ನೀರು ಕೊಡುತ್ತಿರಲಿಲ್ಲ. ಹಾಲು ಕೊಡುವುದಂತೂ ದೂರವೇ ಉಳಿಯಿತು.

ಅಂಥ ಹೊತ್ತಿನಲ್ಲಿ ನಮ್ಮ ಆಕಳು ಬತ್ತಿತು. ಗಬ್ಬವಾಗಿತ್ತು, ಕರು ಹಾಕಲು ಇನ್ನೂ ತಿಂಗಳುಗಳಿದ್ದವು. ಆಯಿಯ ಮುಖ ನೋಡಲಾಗಲಿಲ್ಲ. ಕೊನೆಯ ಮೊಸರನ್ನು ಅವಳು ಯಾರಿಗೂ ಬಡಿಸಲಿಲ್ಲ. ಅಜ್ಜನ ಹಳೆಯ ಧೋತರದಿಂದ ಒಂದು ತುಂಡು ಹರಿದು, ಕುದಿಸಿ ಒಗೆದು, ಮೊಸರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದಳು. ಒಣಗಿದ ಮೇಲೆ ಮತ್ತೆ ಅದ್ದಿದಳು, ಮತ್ತೆ ಒಣಗಿಸಿದಳು. ಹಪ್ಪಳದಂತೆ ಗಡುಸಾದ ಮೇಲೆ ಇನ್ನೊಂದು ಬಟ್ಟೆಯಲ್ಲಿ ಸುತ್ತಿ ಗುಡಿಸಲಿನ ಜಂತೆಗೆ ಕಟ್ಟಿದಳು. ಬರಗಾಲದಲ್ಲಿ ಅವಳ ತಾಯಿ ಹೀಗೆ ಮಾಡಿದ್ದನ್ನು ನೋಡಿದ್ದಳಂತೆ.

ಬೇಸಿಗೆ ಬಂತು. ಆ ಗುಡಿಸಲಿನ ಒಳಗೆ ತಾಮ್ರದ ಚೊಂಬು ಮುಟ್ಟಿದರೆ ಕೈ ಸುಡುತ್ತಿತ್ತು. ಮಧ್ಯಾಹ್ನ ಇರುವೆ ಕೂಡ ಹೊರಗೆ ಬರುತ್ತಿರಲಿಲ್ಲ. ನಾನು ಮೂಟೆ ಹತ್ತಿ ನಿಂತು ಆ ಗಂಟನ್ನು ಮೂಸುತ್ತಿದ್ದೆ. ಹಳೆಯ ಬಟ್ಟೆಯ ವಾಸನೆ, ಅಷ್ಟೇ.

"ಆಯಿ, ಇದು ಸತ್ತದ."

"ಮಲಗ್ಯಾದ," ಅನ್ನುತ್ತಿದ್ದಳು.

ಆ ವರ್ಷ ಆಚೆ ಗುಡಿಸಲುಗಳಿಂದ ಕೆಲವರನ್ನು ಹೊತ್ತೊಯ್ಯುವುದನ್ನು ನೋಡಿದ್ದೆ. ಮಲಗಿದವರಿಗೂ ಸತ್ತವರಿಗೂ ನೋಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲವೆಂದು ನನಗೆ ತಿಳಿದಿತ್ತು. ಹಾಗಾಗಿ ಆಯಿಯ ಮಾತನ್ನು ನಂಬಲಿಲ್ಲ. ಅವಳೂ ನಂಬಿರಲಿಲ್ಲವೆಂದು ಈಗ ಅನ್ನಿಸುತ್ತದೆ. ಗಂಟಿನ ಕಡೆ ನೋಡುವಾಗ ಅವಳ ತುಟಿ ಅಲುಗುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಊರಿಗೆ ಮರಳಿದೆವು. ಆಕಳು ಕರು ಹಾಕಿತು. ಗಿಣ್ಣದ ದಿನಗಳು ಮುಗಿದು ಹಾಲು ಬೆಳ್ಳಗಾಯಿತು. ಕಾಕಾನೂ ರಜೆಗೆ ಬಂದಿದ್ದ. ಆಯಿ ಗಂಟು ಬಿಚ್ಚಿ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಹಾಲಿಗೆ ಹಾಕಲು ಮಾತ್ರ ಕೈ ಬರಲಿಲ್ಲ. ಹೆಪ್ಪಾಗದಿದ್ದರೆ ತವರು ಮುಗಿಯಿತು. ಹೆಪ್ಪಾದರೆ? ಅಲ್ಲೂ ಅವಳಿಗೆ ನೆಮ್ಮದಿಯಿಲ್ಲ.

"ಹೆಪ್ಪಾದ್ರ ಇದರಿಂದನ ಆಗ್ಯಾದ ಅಂತ ನನಗ ಹ್ಯಾಂಗ ಖಾತ್ರಿ? ಮುದುಕಿ ಅಳ್ತಾಳಂತ ನೀವು ಯಾರಾರ ಬ್ಯಾರೆ ಹೆಪ್ಪು ಹಾಕಿದ್ರ?"

ಕಾಕಾ ಇದಕ್ಕೇ ಕಾದವನಂತೆ ಎದ್ದು ಕೂತ. ಬಟ್ಟೆಯನ್ನು ಎರಡು ಮಾಡೋಣ ಎಂದ. ಒಂದನ್ನು ನೀರಲ್ಲಿ ಚೆನ್ನಾಗಿ ಕುದಿಸೋಣ, ಅದರೊಳಗಿನ ಜೀವ ಸಾಯುತ್ತದೆ. ಇನ್ನೊಂದು ಹಾಗೇ ಇರಲಿ. ಎರಡು ಹೊಸ ಗಡಿಗೆ, ಒಂದೇ ಹಾಲು. ಕುದಿಸಿದ ಬಟ್ಟೆಯದು ಹಾಲಾಗಿಯೇ ಉಳಿದು, ಕುದಿಸದಿದ್ದದ್ದು ಮೊಸರಾದರೆ, ಯಾರೂ ಕೈಯಾಡಿಸಿಲ್ಲ, ಜೀವ ಬಂದದ್ದು ಬಟ್ಟೆಯಿಂದಲೇ ಎಂದು ಗೊತ್ತಾಗುತ್ತದೆ.

"ನನ್ನ ತವರ ಮನಿ ಅರ್ಧ ಕುದಿಸ್ತೀ ಏನೋ ಖೋಡಿ!" ಎಂದು ಆಯಿ ಬಟ್ಟೆಯನ್ನು ಎದೆಗವಚಿಕೊಂಡಳು. ಒಂದಿಡೀ ದಿನ ಕಾಕಾನ ಜೊತೆ ಮಾತಾಡಲಿಲ್ಲ. ಮರುದಿನ ತಾನೇ ಕತ್ತರಿ ತಂದಳು. ತವರಿನ ಮೇಲಿನ ಮಮತೆಗಿಂತ ನಮ್ಮೆಲ್ಲರ ಮೇಲಿನ ಸಂಶಯ ಅವಳಲ್ಲಿ ಒಂದು ಗೇಣು ಎತ್ತರವಿತ್ತು.

ಎಲ್ಲವೂ ಅವಳ ಕಣ್ಣೆದುರೇ ನಡೆಯಿತು. ಕುಂಬಾರನಿಂದ ಹೊಸ ಗಡಿಗೆ ಬಂದವು. ಅವ್ವ ಹಾಲು ಕಾಸಿ, ಅಡುಗೆಮನೆಯಲ್ಲಿ ಆರಿಸಿ, ಬೆರಳಿಗೆ ಹಿತವಾಗುವಷ್ಟು ಬಿಸಿಯಿರುವಾಗ ಪಾತ್ರೆಯನ್ನು ಪಡಸಾಲೆಗೆ ತಂದಿಟ್ಟಳು. ಕಾಕಾ ಎರಡೂ ಗಡಿಗೆಗೆ ಸಮನಾಗಿ ಹೊಯ್ದ. ಆಯಿ ಬಟ್ಟೆಯ ತುಂಡುಗಳನ್ನು ಇಳಿಬಿಟ್ಟು, ಕುದಿಸಿದ್ದರ ಮೇಲೆ ಮಸಿಯ ಬೊಟ್ಟಿಟ್ಟಳು. ಗಡಿಗೆಗಳನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೇ ಹಾಸಿಕೊಂಡು ಮಲಗಿದಳು.

ಬೆಳಿಗ್ಗೆ ಬಾಗಿಲು ತೆರೆದಾಗ ನಾನೂ ಕಾಕಾನೂ ಅವಳ ಹಿಂದೆಯೇ ನುಗ್ಗಿದೆವು. ಮಸಿಯಿಲ್ಲದ ಗಡಿಗೆಯನ್ನು ಆಯಿ ಮೆಲ್ಲಗೆ ವಾಲಿಸಿದಳು. ಅಲುಗಲಿಲ್ಲ. ಗಟ್ಟಿ ಮೊಸರು. ಅವಳ ಮುಖ ಅರಳಿತು. ಮಸಿಯ ಬೊಟ್ಟಿನದನ್ನೂ ವಾಲಿಸಿದಳು. ಅದೂ ಅಲುಗಲಿಲ್ಲ.

ಕಾಕಾ ಕುಣಿಯುವುದೊಂದು ಬಾಕಿ. "ಅವ್ವಾ! ಕುದಿಸಿದ್ರೂ ಸತ್ತಿಲ್ಲ! ಕುದಿಯೋ ನೀರಾಗೂ ಜೀವ ಉಳದದ! ನಮ್ಮ ಮಾಸ್ತರಗ ಹೇಳಿದ್ರ..."

"ಸುಮ್ಮ ಕುಂದ್ರು," ಎಂದಳು ಆಯಿ. ಅರಳಿದ ಮುಖ ಅಷ್ಟರಲ್ಲೇ ಮುಚ್ಚಿತ್ತು. "ಕುದಿಸಿದ್ದು ಹೆಪ್ಪಾಗಂಗಿಲ್ಲ. ಯಾರೋ ಕೈ ಹಾಕ್ಯಾರ."

ಮೊದಲು ನನ್ನ ಬೆರಳುಗಳನ್ನು ಮೂಸಿದಳು. ನಾನು ಏನೂ ಮಾಡಿರಲಿಲ್ಲ, ಆದರೂ ಅಳು ಬಂತು. ಆಮೇಲೆ ಕಾಕಾನ ಬೆರಳು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತಿತು.

"ನಾನ ಹಾಕಿನ್ರಿ ಅತ್ತಿ," ಎಂದಳು ಅವ್ವ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು. "ಹಾಲು ಆರಿಸೋ ಮುಂದ, ಪಾತ್ರ್ಯಾಗ ಕಲಿಸಿ ಬಿಟ್ಟಿನ್ರಿ. ಹೆಪ್ಪಾಗ್ಲಿಲ್ಲಂದ್ರ ನೀವು ಹ್ಯಾಂಗ ಉಳೀತಿದ್ರಿ?"

ಕಾಕಾ ಹಣೆ ಬಡಿದುಕೊಂಡ. "ವೈನಿ, ಒಂದ್ ಗಡಿಗಿಗಾರ ಬಿಡಬೇಕಿಲ್ಲೇನ್ರಿ!"

ಎರಡು ಗಡಿಗೆಯ ಲೆಕ್ಕಾಚಾರ ಅವ್ವನಿಗೆ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದರೂ ಅವಳು ಎರಡಕ್ಕೂ ಹಾಕುತ್ತಿದ್ದಳೆಂದೇ ನನ್ನ ಗುಮಾನಿ. ಅತ್ತೆಯ ತವರಿನ ಒಂದು ಪಾಲು ಸತ್ತದ್ದನ್ನು ನೋಡುವ ಎದೆ ಅವಳಿಗಿರಲಿಲ್ಲ.

"ಯಾರ ಹೆಪ್ಪು?" ಎಂದಳು ಆಯಿ.

ಅವ್ವ ನೆಲ ನೋಡಿದಳು. "ಲಚ್ಚಮ್ಮಂದು."

ಆಯಿ ಗಡಿಗೆ ಎತ್ತಿದಳು, ನೆಲಕ್ಕೆ ಅಪ್ಪಳಿಸಲು. ಸಿಂದಿಯ ಮನೆಯ ಮೊಸರು, ತನ್ನ ಒಳಕೋಣೆಯಲ್ಲಿ, ತನ್ನ ಬೀಗದೊಳಗೆ! ಆಗ ಅವ್ವ ಮುಂದೆ ಬಂದು ಅವಳ ಕೈ ಹಿಡಿದಳು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯ ಕೈ ಹಿಡಿದು ತಡೆದದ್ದು ಅದೇ ಮೊದಲಿರಬೇಕು.

"ಒಡೀಬ್ಯಾಡ್ರಿ. ಅದು ನಿಮ್ದ."

"ನಂದು ಹ್ಯಾಂಗ ಆಗ್ತದ?"

ಅವ್ವ ಹೇಳಿದಳು. ನಾನು ತೊಟ್ಟಿಲಲ್ಲಿದ್ದಾಗ ಲಚ್ಚಮ್ಮನ ಮಲ್ಲನಿಗೆ ಭೇದಿ ಹತ್ತಿ ನಿಲ್ಲಲೇ ಇಲ್ಲವಂತೆ. ಮಜ್ಜಿಗೆ ಬಿಟ್ಟು ಏನೂ ಕೊಡಬೇಡಿ ಎಂದಿದ್ದರಂತೆ ವೈದ್ಯರು. ಲಚ್ಚಮ್ಮ ಗೋಡೆಯ ಮೇಲಿಂದ ಬಟ್ಟಲು ಚಾಚಿದ್ದು ಆವಾಗಲೇ. ಆಯಿ ಬೈದು ಒಳಗೆ ಹೋದ ಮೇಲೆ ಅವ್ವ ನೆಲುವಿನಿಂದ ಒಂದು ಚಮಚ ಮೊಸರು ತೆಗೆದು, ಅದೂ ದೀಪ ಹಚ್ಚಿದ ಮೇಲೆ, ಗೋಡೆಯಾಚೆ ದಾಟಿಸಿದ್ದಳು. ಅಂದಿನಿಂದ ಆ ಮನೆಯಲ್ಲಿ ಅದೇ ಹೆಪ್ಪು. ಪ್ಲೇಗಿನಲ್ಲಿ ಅವರ ಗುಡಿಸಲು ಹಳ್ಳದ ದಂಡೆಯ ಈಚಲ ಮರಗಳ ಬಳಿಯಿತ್ತು. ಅಲ್ಲಿ ಹಸಿ ಹುಲ್ಲಿತ್ತು. ಅವರ ಎಮ್ಮೆ ಬತ್ತಿರಲಿಲ್ಲ.

ಆಯಿ ನಂಬುವವಳೇ? ಗೋಡೆಯ ಬಳಿ ಹೋಗಿ ಲಚ್ಚಮ್ಮನನ್ನು ಕೂಗಿ ಕರೆದಳು. ನಡುವೆ ಬೇರೆ ಮನೆಯಿಂದ ತಂದೆಯಾ? ಒಂದು ದಿನವಾದರೂ ತಪ್ಪಿತ್ತಾ? ಸಿಂದಿಯ ಗಡಿಗೆಯಲ್ಲಿ ಹಾಕಿದ್ದೆಯಾ?

"ಒಟ್ಟೇಸಿ ಚೆಪ್ತ ಅಮ್ಮಾ," ಎಂದು ಲಚ್ಚಮ್ಮ ಆಣೆ ಇಟ್ಟಳು. "ಸಿಂದಿ ಅಂಗಳದಾಗ, ಮೊಸರು ದೇವರ ಕೋಲ್ಯಾಗ. ಬ್ಯಾರೆ ಮನಿದು ನಾ ಮುಟ್ಟಿಲ್ರಿ." ಆಮೇಲೆ ಮಲ್ಲನನ್ನು ಎತ್ತಿ ಗೋಡೆಯ ಮೇಲೆ ಕೂರಿಸಿದಳು. ಅವನು ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಗುಂಡಗೆ ಕೂತ. "ನಿಮ್ಮ ಮೊಸರು ಇಲ್ಲದಿದ್ರ ಇವ ಎಲ್ಲಿರ್ತಿದ್ದ ಅಮ್ಮಾ? ನೋಡ್ಕೊಳ್ರಿ."

ಆಯಿ ಮಲ್ಲನನ್ನು ನೋಡಿದಳು. ಎಣ್ಣೆಯವನ ಎಣ್ಣೆ ನೋಡುವ ಹಾಗೆ ಬಹಳ ಹೊತ್ತು ನೋಡಿದಳು. ಒಳಗೆ ಬಂದು ಗಡಿಗೆಯಿಂದ ಬೆರಳಲ್ಲಿ ಮೊಸರು ತೆಗೆದು ನಾಲಗೆಗೆ ಇಟ್ಟುಕೊಂಡಳು.

"ನಮ್ಮವ್ವಂದ," ಎಂದಳು. ಎಂದು ಅತ್ತಳು. ಪ್ಲೇಗಿನಲ್ಲೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆದರಿಕೆಯಾಗಿ ಅವಳ ಸೆರಗು ಹಿಡಿದುಕೊಂಡೆ.

ಬಟ್ಟೆಯೊಳಗಿನ ಜೀವ ಉಳಿದಿತ್ತೋ ಸತ್ತಿತ್ತೋ, ಅದು ಕೊನೆಗೂ ತಿಳಿಯಲಿಲ್ಲ. ಇನ್ನೊಮ್ಮೆ ನೋಡೋಣವೆಂದರೆ ಬಟ್ಟೆ ಉಳಿದಿರಲಿಲ್ಲ. ಕಾಕಾ ಇಡೀ ರಜೆ ಅದಕ್ಕಾಗಿ ಕೊರಗಿದ. ಆಯಿಗೆ ಆ ಚಿಂತೆ ಇರಲಿಲ್ಲ. ಮೂಗು ಒರೆಸಿಕೊಂಡವಳೇ ಅವ್ವನ ಕಡೆ ತಿರುಗಿದಳು. ಹಳೆಯ ದನಿ ಮರಳಿ ಬಂದಿತ್ತು.

"ಕಳ್ಳಿ! ನನ್ನ ಕಣ್ಣ ತಪ್ಪಿಸಿ ಕೊಟ್ಟೀ. ನಿನ್ನ ಮ್ಯಾಲ ನನಗ ಮೊದಲಿಂದ ಸಂಶಯ. ಲಚ್ಚಮ್ಮಗ ಒಬ್ಬಾಕಿಗೇ ಕೊಟ್ಟೀಯೋ, ಮತ್ತ ಯಾರಿಗಾರ ಕೊಟ್ಟೀಯೋ? ಖರೆ ಹೇಳು."

ಅವ್ವ ಕಾಕಾನ ಕಡೆ ನೋಡಿದಳು. ಅವನು ಮೇಲೆ ಜಂತೆ ನೋಡುತ್ತಿದ್ದ. "ಕುಂಬಾರರ ಮನ್ಯಾಗ ಕೊಟ್ಟೀನ್ರಿ."

"ಎವ್ವಾ! ಮತ್ತ?"

"ಪಟೇಲರ ಮಗಳು ಕಂಗ್ಟಿಗಿ ಗಂಡನ ಮನಿಗಿ ನಡಿಯಾಕ ಹೋದ್ಲಲ್ರಿ, ಆಕಿ ಬುತ್ತ್ಯಾಗ ಇಟ್ಟಿನ್ರಿ."

"ಕಂಗ್ಟಿಗಿ! ಹಾಳಾದಾಕಿ, ಅಷ್ಟ್ ದೂರ ಕಳಿಸೀ! ಮತ್ತ?"

"ಕಲ್ಲು ಕಡಿಯಾಕ ತಾಂಡೂರಿಗಿ ಹೋದ್ರಲ್ರಿ, ಅವರಿಗಿ."

"ತಾಂಡೂರಿಗಿ ಮುಟ್ಟ್ಯಾದ? ಮತ್ತ?"

ಅವ್ವ ಕೈಗಂಟಿದ ಹಿಟ್ಟು ಉಜ್ಜಿಕೊಂಡಳು. "ಹೋದ ವರ್ಷ ಝರಾಸಂಗಮದ ಗುಡಿಗಿ ಹೂ ಕೊಡೋ ಹೆಣ್ಣುಮಗಳು ಓಣ್ಯಾಗ ಇಳಕೊಂಡಿದ್ಲಲ್ರಿ. ಆಕಿ ಕೇಳಿದ್ಲು. ಆಕಿಗೂ ಕೊಟ್ಟೀನ್ರಿ."

ಬೈಗುಳ ನಿಂತಿತು. ಆಯಿ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ನೆಲಕ್ಕಿಳಿದಳು. ಅಡುಗೆಮನೆಯಿಂದ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಅವ್ವ ಆ ಕಡೆ ಓಡಲು ಹೊರಟವಳ ಸೀರೆಯ ಅಂಚನ್ನು ಆಯಿ ಹಿಡಿದುಕೊಂಡಳು.

"ಯಾರ ಮನ್ಯಾಗ ಅದ ಈಗ? ಗುಡಿ ಮಗ್ಗಲದ ಓಣ್ಯಾಗೋ, ಬಾವಿ ಕಡಿ ಓಣ್ಯಾಗೋ? ರೊಟ್ಟಿ ಸುಟ್ರ ಸುಡ್ಲಿ. ಕುಂದ್ರು ಇಲ್ಲಿ. ಸಾವಕಾಶ ಹೇಳು."